ಗುಂಡು ಕಳೆದ ಸೀಟಿ

ಸ್ಟೇಟ್‌ಬ್ಯಾಂಕಿನಿಂದ ಮಂಗಳಾದೇವಿ, ಮಂಗಳಾದೇವಿಯಿಂದ ಸ್ಟೇಟ್‌ಬ್ಯಾಂಕು,
ದಿನಕ್ಕೆ ಹದಿನಾರು ಟ್ರಿಪ್ಪು, ಹನ್ನೊಂದು ವರ್ಷ.
ಲೆಕ್ಕ ಹಾಕಿದರೆ ಭೂಮಿಗೆ ಎಷ್ಟು ಸುತ್ತು ಬಂದೆನೋ,
ಪಾಂಡೇಶ್ವರ ದಾಟಿದ್ದು ಮಾತ್ರ ಒಂದು ದಿನವೂ ನೆನಪಿಲ್ಲ.

ಕಾಲಿಗೆ ಫುಟ್‌ಬೋರ್ಡು ಗೊತ್ತು,
ಎಡಗೈಯ ಬೆರಳ ಸಂದಿಗೆ ಹತ್ತು, ಇಪ್ಪತ್ತು, ಐವತ್ತು ಗೊತ್ತು,
ಬಾಯಿಗಂತೂ ಎಲ್ಲ ಗೊತ್ತು.
ನನಗಿಂತ ಒಂದು ಸ್ಟಾಪ್ ಮೊದಲೇ ಇಳಿದು
ಜಗಳಕ್ಕೆ ನಿಂತಿರುತ್ತದೆ:
ದುಂಬು ಪೋಲೆ, ದುಂಬು ಪೋಲೆ, ಚಿಲ್ಲರೆ ಕೊಡಿ,
ಬಸ್ಸೇನು ನಿಮ್ಮ ಅಪ್ಪನ ಮನೆಯ ಜಗಲಿಯಾ?
ನಾನು ಹಿಂದಿನಿಂದ ಓಡಿಬಂದು ಅದನ್ನು ಸೇರಿಕೊಳ್ಳುತ್ತೇನೆ.

ಆ ಮಂಗಳವಾರ, ಎರಡನೇ ಟ್ರಿಪ್ಪಿನಲ್ಲಿ,
ಸೀಟಿಯೊಳಗಿನ ಗುಂಡು ಎಲ್ಲಿ ಹಾರಿಹೋಯಿತೋ.
ಊದಿದರೆ ಫುಸ್ಸೆಂದು ಗಾಳಿ,
ಬಿಸಿ ಗಂಜಿ ಆರಿಸಿದ ಹಾಗೆ.
ಐವನ್ ಡ್ರೈವರ್ ಕನ್ನಡಿಯಲ್ಲಿ ಹುಬ್ಬೆತ್ತಿದ.
"ತಗಡಿಗೆ ಬಡಿ ಮಾರಾಯ, ಕೈ ಇಲ್ಲವಾ?"

ಕೈ ಇತ್ತು.
ಬಡಿದೆ. ಬಿಸಿಲಿಗೆ ತಗಡು ಆಗಲೇ ಕಾದಿತ್ತು.
ಒಂದಕ್ಕೆ ನಿಲ್ಲು, ಎರಡಕ್ಕೆ ಹೋಗು.
ಆದರೆ ಬಡಿಯುವ ಮೊದಲು ನೋಡಬೇಕು,
ಇಳಿದರಾ, ಹತ್ತಿದರಾ, ಸೆರಗು ಒಳಗಾ, ಕೊಡೆ ಹೊರಗಾ.
ಸೀಟಿ ಇದ್ದಾಗ ನೋಡುತ್ತಿರಲಿಲ್ಲವಾ?
ನೋಡುತ್ತಿದ್ದೆ ಅಂತಲೇ ತಿಳಿದಿದ್ದೆ.

ಮೊದಲು ಕಂಡದ್ದು ಕಾಲುಗಳು.
ಹವಾಯಿ ಚಪ್ಪಲಿಯ ಬಾರಿಗೆ ಚುಚ್ಚಿದ ಸೇಫ್ಟಿ ಪಿನ್ನು,
ಹೆಬ್ಬೆರಳಿಗೆ ಪಟ್ಟಿ ಸುತ್ತಿಕೊಂಡ ಕೋರ್ಟಿನ ಗುಮಾಸ್ತ,
ಗೋರಂಟಿ ಮಾಸುತ್ತಿರುವ ಎರಡು ಪಾದ.
ಆಟ ಶುರುವಾದದ್ದು ಹೀಗೆ:
ಮುಖ ನೋಡದೆ, ಕಾಲು ನೋಡಿ, ಸ್ಟಾಪ್ ಹೇಳುವುದು.
ಈ ಬೂಟು ಮೋರ್ಗನ್ಸ್‌ಗೇಟು.
ಈ ಗೋರಂಟಿ ಮಂಗಳಾದೇವಿ.
ತಪ್ಪು. ಏಳಕ್ಕೆ ಏಳೂ ತಪ್ಪು.
ಬೂಟು ಪಾಂಡೇಶ್ವರದಲ್ಲೇ ಇಳಿದುಹೋಯಿತು;
ಗೋರಂಟಿ ಹತ್ತಿದ್ದೇ ತಪ್ಪು ಬಸ್ಸಂತೆ, ಕಂಕನಾಡಿಗೆ ಹೋಗಬೇಕಿತ್ತಂತೆ.
ಸೋತು ಸೋತು ನನಗೇ ನಗು,
ಹನ್ನೊಂದು ವರ್ಷ ಇದೇ ಜನಕ್ಕೆ ಟಿಕೇಟು ಹರಿದವ ನಾನು.

ರೈಲ್ವೆ ಗೇಟು ಬಿತ್ತು.
ಅಪ್ಪಿಯಕ್ಕ ಬುಟ್ಟಿಯನ್ನು ಕಾಲ ನಡುವೆ ಒತ್ತಿ ಕೂತಿದ್ದಳು,
ಸೀರೆಯಂಚಿಗೆ ಮೀನಿನ ಹುರುಪೆ, ಚುಕ್ಕಿ ಚುಕ್ಕಿ ಬೆಳ್ಳಿ.
ನಮ್ಮಿಬ್ಬರ ಜಗಳಕ್ಕೆ ಒಂಬತ್ತು ವರ್ಷ:
ಬುಟ್ಟಿಗೆ ಹತ್ತು ರೂಪಾಯಿ; ಕೊಡುವುದಿಲ್ಲ; ಇಳಿ; ಇಳಿಯುವುದಿಲ್ಲ.
ನನ್ನ ಮಾತು ನನಗೆ, ಅವಳದು ಅವಳಿಗೆ ಬಾಯಿಪಾಠ,
ತಿರುಗಾಟದ ಕೊನೆಯ ವಾರದ ಎರಡು ವೇಷಗಳ ಹಾಗೆ.
ಅವಳು ಆಗಲೇ ಸೊಂಟಕ್ಕೆ ಕೈ ಕೊಟ್ಟಾಗಿತ್ತು.

"ಬುಟ್ಟಿಗೆ..." ಅಂದೆ.
ಮುಂದಿನ ಮಾತು ತುಟಿಯ ತನಕ ಬಂದದ್ದು ಕಂಡಿತು,
ಫುಟ್‌ಬೋರ್ಡಿನಲ್ಲಿ ನೇತಾಡುವ ಕಾಲೇಜು ಹುಡುಗನ ಹಾಗೆ.
ಒಳಗೆ ಬಾ ಅಂದೆ ಅದಕ್ಕೆ.
"ಬುಟ್ಟಿಯಲ್ಲಿ ಎಷ್ಟು ಜನ, ಅಕ್ಕ?"

ಅವಳಿಗೆ ತನ್ನ ಮಾತು ಮರೆತುಹೋಯಿತು.
ಗೇಟಿನಾಚೆ ಗೂಡ್ಸ್ ರೈಲು, ಒಂದೊಂದೇ ಡಬ್ಬಿ.
ತೇಗದ ಎಲೆ ಸರಿಸಿ, ಸಂಶಯದಿಂದಲೇ, ತೋರಿಸಿದಳು.
"ಬೂತಾಯಿಗೆ ಅರ್ಧ ಟಿಕೇಟು" ಅಂದೆ, "ಬಂಗುಡೆಗೆ ಫುಲ್ಲು."
"ಬಂಗುಡೆಗೆ ಪಾಸು ಉಂಟು ಮಾರಾಯ" ಅಂದಳು,
"ಕಡಲಿನದ್ದು. ತಾರೀಕು ನೋಡು ಬೇಕಾದರೆ."

ನೋಡಿದೆ.
ಬಂಗುಡೆಯ ಬೆನ್ನ ಮೇಲೆ ನಿಜಕ್ಕೂ ಏನೋ ಬರೆದಿತ್ತು,
ಸಾಲು ಸಾಲಾಗಿ, ಕಪ್ಪು ಹಸಿರು ಶಾಯಿಯಲ್ಲಿ.
ವಾರಕ್ಕೆ ಮೂರು ದಿನ ತಿನ್ನುವ ಮೀನು,
ಓದಿರಲಿಲ್ಲ.

ಹತ್ತು ರೂಪಾಯಿ ಕೊಟ್ಟಳಾ, ಐವನ್ ಆಮೇಲೆ ಕೇಳಿದ.
ಇಲ್ಲ. ಐದು ಕೊಟ್ಟಳು,
ಅದೂ ನಾಳೆಯ ಲೆಕ್ಕಕ್ಕೆ.

ಹೊಸ ಸೀಟಿ ಸಂಜೆಗೇ ಬಂತು, ಕೆಂಪು ದಾರದ್ದು.
ಸುಳ್ಳು ಯಾಕೆ ಹೇಳಲಿ, ಬುಧವಾರ ಹನ್ನೊಂದು ಗಂಟೆಗೆಲ್ಲ
ಬಾಯಿ ಮತ್ತೆ ಒಂದು ಸ್ಟಾಪ್ ಮುಂದಿತ್ತು,
ಯಾರ ಅಪ್ಪನ ಜಗಲಿಯೋ, ಯಾರ ಚಿಲ್ಲರೆಯೋ.

ಆದರೆ ರೈಲ್ವೆ ಗೇಟು ಬಂದಾಗ
ಸೀಟಿ ಜೇಬಿಗಿಳಿಯುತ್ತದೆ,
ಅಂಗೈ ತಗಡನ್ನು ಹುಡುಕುತ್ತದೆ.
ಎರಡು ಬಡಿಯಬೇಕಾದಲ್ಲಿ ಮೊನ್ನೆ ಮೂರು ಬಡಿದೆ, ಸುಮ್ಮನೆ.
ಐವನ್‌ಗೆ ಅರ್ಥವಾಗಲಿಲ್ಲ. ಬಸ್ಸು ನಿಂತೇ ಇತ್ತು.
ಹಿಂದಿನಿಂದ ಯಾರದೋ ಮಗು
ಕಿಟಕಿಯ ಸರಳಿಗೆ
ನಾಲ್ಕನೆಯದನ್ನು ಬಡಿಯಿತು.